ಎರಡು ಸಲ ನದಿ ದಾಟಿದ ಮನೆ

ನಮ್ಮೂರ ಕೆಲ್ಸುಮ್ ಅಕ್ಕನ ಮರದ ಮನೆಯನ್ನು ಬಿಚ್ಚಿದವರು ನಾವೇ, ನಾನು ಮತ್ತು ನನ್ನ ಅಪ್ಪ. ಆಗ ನನಗೆ ಮೂವತ್ತೊಂದು ವರ್ಷ. ಅದಕ್ಕೆ ಏಳು ವರ್ಷ ಮೊದಲು ಆ ಮನೆಯನ್ನು ಕಟ್ಟಿದ್ದವನೂ ಅಪ್ಪನೇ. ಬಿಚ್ಚಲು ಹೊರಟ ದಿನ ಬೆಳಿಗ್ಗೆ ಅವನು ಏನೂ ತಿನ್ನಲಿಲ್ಲ. ಬರೀ ಕಾಫಿ ಕುಡಿದು, ಕೊಡತಿಯನ್ನು ಹೆಗಲಿಗೇರಿಸಿಕೊಂಡು, ನನ್ನ ಮುಖವನ್ನೂ ನೋಡದೆ ನಡೆದ.

ಕೆಲ್ಸುಮ್ ಅಕ್ಕನಿಗೂ ಜುಸೊಹನಿಗೂ ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜುಸೊಹ್ ಕೆಟ್ಟವನಲ್ಲ. ಅವನ ತಾಯಿ ದಿನಕ್ಕೊಂದು ಮಾತು ಆಡಿ ಆಡಿ ಅವನ ಕಿವಿ ತೂತು ಮಾಡಿದ್ದಳು. ಕಡೆಗೆ ಆಚೆ ದಡದ ಸೆಬೆರಾಂಗಿನ ಸಲ್ಬಿಯಾ ಎಂಬ ಹುಡುಗಿಯನ್ನು ನೋಡಿ ಬಂದ. ಇಬ್ಬರನ್ನೂ ಬಾಳಿಸುತ್ತೇನೆ ಎಂದು ಅವನ ಎಣಿಕೆ. ಕೆಲ್ಸುಮ್ ಅಕ್ಕ ಅದಕ್ಕೆ ಒಪ್ಪಲಿಲ್ಲ, ತಲಾಖ್ ಕೊಡು ಎಂದಳು. ಖಾಜಿಯ ಮುಂದೆ ಆಸ್ತಿಯ ಮಾತು ಬಂತು. ಜಾಗ ಅವಳ ತಾಯಿಯ ಕಡೆಯಿಂದ ಬಂದದ್ದು, ಅದು ಅವಳದೇ. ಮನೆ ಮಾತ್ರ ಇಬ್ಬರೂ ಸೇರಿ ಕಟ್ಟಿಸಿದ್ದು, ಹಾಗಾಗಿ ಇಬ್ಬರಿಗೂ ಅರ್ಧರ್ಧ. ಒಬ್ಬರು ಇನ್ನೊಬ್ಬರಿಗೆ ಏನಾದರೂ ಕೊಟ್ಟು ಬಗೆಹರಿಸಿಕೊಳ್ಳಿ ಎಂದು ಖಾಜಿ ಮೆಲ್ಲಗೆ ಹೇಳಿದರು.

ಕೆಲ್ಸುಮ್ ಅಕ್ಕ ಕೂತಲ್ಲಿಂದ ಎದ್ದಳಂತೆ. "ಅರ್ಧ ಅಂದ್ರೆ ಅರ್ಧ. ನಡುಮನೆ, ಜಗಲಿ ಅವರು ಹೊತ್ಕೊಂಡು ಹೋಗಲಿ. ನಂಗೆ ಅಡುಗೆಮನೆ ಸಾಕು, ನಾನು ದುಡಿಯೋದು ಅಲ್ಲೇ ತಾನೆ?"

ಆ ಮಾತು ಕೇಳಿ ಜುಸೊಹ್ ನಾಚಿಕೊಂಡು ಸುಮ್ಮನಾಗುತ್ತಾನೆ ಎಂದುಕೊಂಡೇ ಅವಳು ಹಾಗೆ ಅಂದಳು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಅವನು ಸುಮ್ಮನಾಗಲಿಲ್ಲ. ಅವನಿಗೂ ಹಟ ಇತ್ತು. ಮರುವಾರ ಅಪ್ಪನಿಗೆ ಹೇಳಿ ಕಳಿಸಿದ.

ನಮ್ಮ ಕಡೆಯ ಮನೆಗಳಿಗೆ ಮೊಳೆ ಹೊಡೆಯುವುದಿಲ್ಲ, ಎಲ್ಲ ತೂತು ಕೊರೆದು ಬಡಿದ ಮರದ ಗೂಟದ ಮೇಲೇ ನಿಂತಿರುತ್ತವೆ. ಗೂಟ ತೆಗೆದರೆ ಮನೆ ಬಿಚ್ಚಿಕೊಳ್ಳುತ್ತದೆ. ಗರಗಸ ಮುಟ್ಟಕೂಡದು ಎಂದು ಅಪ್ಪ ಮೊದಲೇ ಹೇಳಿದ. ಒಂದೊಂದು ಹಲಗೆಗೂ ಇದ್ದಿಲಿನಿಂದ ಗುರುತು ಹಾಕುತ್ತಾ, ಒಂದೊಂದೇ ಗೂಟವನ್ನು ಹಿಂದಿನಿಂದ ಬಡಿಯುತ್ತಾ ಮೂರು ದಿನ ತೆಗೆದುಕೊಂಡ. ಆ ಮೂರು ದಿನವೂ ಕೆಲ್ಸುಮ್ ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮೀನು ಕುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಕಡೆಯ ದಿನ ನದಿ ಕಡೆಯ ದೊಡ್ಡ ಕಿಟಕಿಯ ಚೌಕಟ್ಟನ್ನು, ಅದರ ಮೇಲಿನ ಕೆತ್ತನೆ ಹಲಗೆಯ ಸಮೇತ, ಕೂಲಿಯವರೂ ಸೇರಿ ನಾವು ನಾಲ್ವರು ಹಿಡಿದು ಕೆಳಗಿಳಿಸುತ್ತಿದ್ದೆವು. ಆಗ ಅವಳು ಬಾಗಿಲಿಗೆ ಬಂದು ನಿಂತಳು. ಕೈಗೆಲ್ಲ ಮೀನಿನ ಹಿಟ್ಟು.

"ಹುಷಾರು ಕಣೋ ಎಂಬೊಂಗ್, ಬಲಗಡೆ ಮೂಲೇಲಿ ಸಣ್ಣ ಬಿರುಕಿದೆ" ಎಂದಳು ನನ್ನ ಕಡೆ ನೋಡಿ. ಇಷ್ಟು ಹೇಳಿ ಒಳಗೆ ಹೋದಳು.

ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಮನೆಯನ್ನು ಆಚೆ ದಡಕ್ಕೆ ಸಾಗಿಸಿದೆವು. ಅಲ್ಲಿ ಅಪ್ಪ ಅದನ್ನು ಮತ್ತೆ ನಿಲ್ಲಿಸಿಕೊಟ್ಟ. ಅದಾದ ಮೇಲೆ ಅವನು ಹೊಸದಾಗಿ ಮರದ ಮನೆ ಕಟ್ಟಲಿಲ್ಲ. ಕಟ್ಟಿ ಎಂದು ಕೇಳುವವರೂ ಕಡಿಮೆಯಾಗಿದ್ದರು. ಎಲ್ಲರಿಗೂ ಇಟ್ಟಿಗೆ ಬೇಕಾಗಿತ್ತು.

ಉಳಿದ ಅಡುಗೆಮನೆಯಲ್ಲಿ ಕೆಲ್ಸುಮ್ ಅಕ್ಕ ಬದುಕು ಕಟ್ಟಿದಳು. ಮೀನನ್ನೂ ಸಾಬಕ್ಕಿ ಹಿಟ್ಟನ್ನೂ ನಾದಿ, ಕೈಯಲ್ಲೇ ಉದ್ದಕ್ಕೆ ಹೊಸೆದು ಬೇಯಿಸುವ ಲೆಕೊರ್ ಮಾಡಿ ಮಾರುತ್ತಿದ್ದಳು. ಅವಳ ಲೆಕೊರ್ ಅಂದರೆ ಪಟ್ಟಣದಿಂದ ಕಾರು ಮಾಡಿಕೊಂಡು ಬರುವವರಿದ್ದರು. ನಾಲ್ಕು ಹೆಂಗಸರು ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅವರ ಬಾಯಿಗೂ ಅವಳ ಬಾಯಿಗೂ ಪೈಪೋಟಿ. ಕೈಗೆ ಕಾಸು ಬಂದ ಮೇಲೆ ಅವಳೂ ಎಲ್ಲರ ಹಾಗೆ ಸಿಮೆಂಟಿನ ದಾರಿ ಹಿಡಿದಳು. ಅಡುಗೆಮನೆಯ ಕೆಳಗಿನ ಕಂಬಗಳ ನಡುವೆ ಗೋಡೆ ಎಬ್ಬಿಸಿದಳು, ಮುಂದಕ್ಕೆ ಎರಡು ಕೋಣೆ ತೆಗೆದು ತಗಡು ಹೊದೆಸಿದಳು. ಒಲೆ ಹೋಗಿ ಗ್ಯಾಸು ಬಂತು, ನೆಲಕ್ಕೆ ಹೊಳೆಯುವ ಟೈಲು ಬಂತು. ಮಧ್ಯಾಹ್ನ ಒಳಗೆ ಕಾಲಿಟ್ಟರೆ ಮಾತ್ರ ಹಬೆಯ ಪಾತ್ರೆಯೊಳಗೆ ಇಳಿದ ಹಾಗೆ. ವರ್ಷದ ಕೊನೆಗೆ ನದಿ ಉಕ್ಕಿದರೆ ಮೊಣಕಾಲ ತನಕ ನೀರು.

ಚಿಕ್ಕಪುಟ್ಟ ರಿಪೇರಿಗೆ ನನ್ನನ್ನು ಕರೆಸುತ್ತಿದ್ದಳು. ಕೆಲಸ ಮುಗಿದು ಚಹಾ ಕುಡಿಯುವ ಹೊತ್ತಿಗೆ ಒಂದೇ ಮಾತು ಬರುತ್ತಿತ್ತು. ಮಧ್ಯಾಹ್ನ ಇಳಿಯುವಾಗ, ಅಸರ್ ನಮಾಜಿನ ಹೊತ್ತಿಗೆ, ಆ ಕಿಟಕಿಯಿಂದ ಗಾಳಿ ಬರುತ್ತಿತ್ತಂತೆ. ಕೆತ್ತನೆಯ ತೂತುಗಳಲ್ಲಿ ನುಸುಳಿ, ನೆಲದ ಹಲಗೆಗಳ ಸಂದಿನಿಂದಲೂ ಎದ್ದು, ಒದ್ದೆ ಕೂದಲನ್ನು ಹರಡಿಕೊಂಡು ಮಲಗಿದರೆ ಅರ್ಧ ಗಳಿಗೆಯಲ್ಲಿ ಒಣಗುತ್ತಿತ್ತಂತೆ. ಅದೇ ಅಳತೆಗೆ, ಅದೇ ದಿಕ್ಕಿಗೆ ಸಿಮೆಂಟು ಗೋಡೆಯಲ್ಲಿ ಕಿಟಕಿ ಕೊರೆಸಿದಳು. ಗಾಳಿ ಬರಲಿಲ್ಲ. ಪಕ್ಕದ ಮನೆಯವರ ನೀರಿನ ಟ್ಯಾಂಕು ಕಂಡಿತು. ಜುಸೊಹನ ಹೆಸರನ್ನು ಒಂದು ಸಲವೂ ಎತ್ತಲಿಲ್ಲ. ಮಾತೆಲ್ಲ ಗಾಳಿಯದ್ದೇ.

ನನ್ನ ಕಸುಬೂ ಅಷ್ಟರಲ್ಲಿ ಬೇರೆಯಾಗಿತ್ತು. ಸಮುದ್ರದ ದಡದಲ್ಲಿ ಹೋಟೆಲು ಮಾಡುವವರು ಹಳೆಯ ಮರದ ಮನೆಗಳನ್ನು ಹುಡುಕಿ ಕೊಳ್ಳುತ್ತಿದ್ದರು. ಬಿಚ್ಚಿ ತಂದು ಅಲ್ಲಿ ನಿಲ್ಲಿಸುವುದು ನನ್ನ ಕೆಲಸ. ಗಾಜಿನ ಬಚ್ಚಲು, ತಣ್ಣಗೆ ಮಾಡುವ ಯಂತ್ರ, ಮೆತ್ತನೆ ಹಾಸಿಗೆ ಎಲ್ಲ ಸೇರಿಸಬೇಕು. ಯಂತ್ರದ ತಂಪು ಸೋರಿ ಹೋಗಬಾರದೆಂದು ನೆಲದ, ಗೋಡೆಯ ಸಂದುಗಳನ್ನೆಲ್ಲ ಗೋಂದು ಹಾಕಿ ಮುಚ್ಚಬೇಕು. ಅಪ್ಪನಂಥವರು ಗಾಳಿಗೆಂದು ಲೆಕ್ಕ ಹಾಕಿ ಬಿಟ್ಟಿದ್ದ ಸಂದುಗಳನ್ನು ಮುಚ್ಚಿಯೇ ನಾನು ಮಕ್ಕಳನ್ನು ಓದಿಸಿದೆ.

ಜುಸೊಹ್ ತೀರಿಕೊಂಡು ವರ್ಷ ತುಂಬಿರಬೇಕು. ಹೋಟೆಲಿನವರ ಏಜೆಂಟು ಒಂದು ಮನೆ ನೋಡಲು ನನ್ನನ್ನು ಸೆಬೆರಾಂಗಿಗೆ ಕರೆದುಕೊಂಡು ಹೋದ. ಯಾರ ಮನೆ ಎಂದು ಹೇಳಿರಲಿಲ್ಲ. ತೆಂಗಿನ ಮರಗಳ ನಡುವೆ ಅದರ ಮಾಡು ಕಂಡದ್ದೇ ನನ್ನ ಕಾಲು ನಿಧಾನವಾಯಿತು. ಚೆಂಗಾಲ್ ಎಂಬ ಆ ಗಟ್ಟಿ ಮರ ಮಳೆಗೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಒಂದು ತೊಲೆಯೂ ಬಾಗಿರಲಿಲ್ಲ. ಪಕ್ಕದಲ್ಲೇ ಹೊಸ ಇಟ್ಟಿಗೆ ಮನೆ ಎದ್ದಿತ್ತು. ಸಲ್ಬಿಯಾಳ ದೊಡ್ಡ ಮಗ ಕಟ್ಟಿಸಿದ್ದು. ಅವನ ಮಗು ಹಳೇ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡಿತ್ತು. ಅಂದಿನಿಂದ ಅವನು ಇದನ್ನು ತೆಗೆದುಬಿಡೋಣ ಎಂದು ಕೂತಿದ್ದ. ಕಂಬಗಳನ್ನು ಪರೀಕ್ಷೆ ಮಾಡಲು ಒಂದು ವಾರ ಬೇಕು ಎಂದು ಏಜೆಂಟನಿಗೆ ಸುಳ್ಳು ಹೇಳಿ, ಸಂಜೆಗೆ ನೇರ ಕೆಲ್ಸುಮ್ ಅಕ್ಕನ ಹತ್ತಿರ ಬಂದೆ.

ಅವಳು ಎಣ್ಣೆಯಲ್ಲಿ ಲೆಕೊರ್ ತಿರುವುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ತಲೆಯೆತ್ತಲಿಲ್ಲ.

"ಕಿಟಕಿ ಇದೆಯಾ?"

ಇದೆ ಎಂದೆ.

"ಮೂಲೆ?"

"ಬಿರುಕು ಹಾಗೇ ಇದೆ ಅಕ್ಕ. ಜಾಸ್ತಿ ಆಗಿಲ್ಲ."

ಗ್ಯಾಸು ಆರಿಸಿದಳು. ಬಾಣಲೆಯಲ್ಲಿದ್ದದ್ದು ಅಲ್ಲೇ ಉಳಿಯಿತು. "ನಾಳೆ ನನ್ನನ್ನ ಕರ್ಕೊಂಡು ಹೋಗು" ಎಂದಳು.

ಇಪ್ಪತ್ತೇಳು ವರ್ಷ ಅವಳು ಆ ದಡಕ್ಕೆ ಹೋಗಿರಲಿಲ್ಲ. ಅಲ್ಲಿನ ಮದುವೆಗಳಿಗೆ ತಂಗಿಯ ಮಕ್ಕಳ ಕೈಲಿ ಉಡುಗೊರೆ ಕಳಿಸಿ ಸುಮ್ಮನಾಗುತ್ತಿದ್ದಳು. ಮರುದಿನ ಹಬ್ಬಕ್ಕೆ ಉಡುವ ನೀಲಿ ರೇಷ್ಮೆ ಉಟ್ಟು, ಒಂದು ಡಬ್ಬಿ ಲೆಕೊರ್ ಹಿಡಿದು ದೋಣಿಯಲ್ಲಿ ಕೂತಳು. ದಾರಿಯುದ್ದಕ್ಕೂ ದೋಣಿಯವನಿಗೆ ಮೋಟಾರಿನ ಸದ್ದು ಜಾಸ್ತಿ ಎಂದು ಬೈಯುತ್ತಲೇ ಇದ್ದಳು. ದಡ ಬಂದಾಗ ತಲೆವಸ್ತ್ರ ಸರಿಮಾಡಿಕೊಂಡಳು.

ಮೆಟ್ಟಿಲ ಬುಡದ ಹರವಿಯಲ್ಲಿ ನೀರು ತುಂಬಿಟ್ಟಿತ್ತು. ಅವಳು ಕಾಲು ತೊಳೆಯುತ್ತಿರುವಾಗ ಸಲ್ಬಿಯಾ ಇಳಿದು ಬಂದು ಕೈ ಹಿಡಿದಳು. ದಪ್ಪಗೆ, ಬೆಳ್ಳಗೆ, ಐವತ್ತರ ಹೆಂಗಸು. "ಬನ್ನಿ ಅಕ್ಕ" ಎಂದಳು. ಆ ಮನೆಗೆ ಹನ್ನೊಂದು ಮೆಟ್ಟಿಲು. ಕೆಲ್ಸುಮ್ ಅಕ್ಕನ ಮಂಡಿ ಕೆಟ್ಟು ಆಗಲೇ ಐದಾರು ವರ್ಷವಾಗಿತ್ತು. ನಾಲ್ಕು ಹತ್ತಿ ಕೂತಳು, ಮತ್ತೆ ಮೂರು ಹತ್ತಿ ಕೂತಳು. ಸಲ್ಬಿಯಾ ಅವಳ ಪಕ್ಕದಲ್ಲೇ ಕೂತು, ತನಗೂ ಈಗ ಇದೇ ಗತಿ, ಮೇಲೆ ಒಗ್ಗರಣೆ ಹಾಕಿ ಕರಿಬೇವು ತರಲು ಕೆಳಗೆ ಇಳಿದರೆ ಹತ್ತಿ ಬರುವಷ್ಟರಲ್ಲಿ ಸೀದು ಹೋಗಿರುತ್ತದೆ ಎಂದಳು. ಇಬ್ಬರೂ ನಕ್ಕರು. ನಗು ಬಂದದ್ದಕ್ಕೆ ಇಬ್ಬರಿಗೂ ಸ್ವಲ್ಪ ಗಾಬರಿಯಾಯಿತೇನೋ, ಆಮೇಲೆ ಉಳಿದ ಮೆಟ್ಟಿಲುಗಳನ್ನು ಸುಮ್ಮನೆ ಹತ್ತಿದರು.

ಒಳಗೆ ಬಂದ ಅಕ್ಕ ಮೊದಲು ಕಿಟಕಿಯನ್ನು ನೋಡಲಿಲ್ಲ. ಬಗ್ಗಿ ನೆಲದ ಹಲಗೆಯನ್ನು ಅಂಗೈಯಿಂದ ಸವರಿದಳು. ಸಾವಿರ ಸಲ ಒರೆಸಿದ ಮರಕ್ಕೆ ಬರುವ ನುಣುಪು ಅದು. ಒರೆಸಿದವಳು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಅಕ್ಕ ತಲೆಯೆತ್ತಿದಾಗ ನಡುಗಂಬ ಕಂಡಿತು. ಅದರ ಮೇಲೆ ಪೆನ್ಸಿಲಿನಲ್ಲಿ, ಚೂರಿಯ ತುದಿಯಲ್ಲಿ ಹಾಕಿದ ಗೀಟುಗಳು. ಮೂರು ಮಕ್ಕಳ ಹೆಸರು, ಪಕ್ಕದಲ್ಲಿ ಇಸವಿ. ಎಲ್ಲಕ್ಕಿಂತ ಕೆಳಗಿನ ಗೀಟು ನನ್ನ ತೊಡೆಯ ಎತ್ತರಕ್ಕಿತ್ತು, ಎಲ್ಲಕ್ಕಿಂತ ಮೇಲಿನದು ನನ್ನ ತಲೆಗಿಂತ ಮೇಲೆ. ಅವಳು ಅದನ್ನು ಓದಿದ್ದನ್ನು ನಾನು ನೋಡಿದೆ. ಓದಿ ಕಿಟಕಿಯ ಕಡೆ ತಿರುಗಿದಳು.

ಚಹಾ ಬಂತು, ಬೇಯಿಸಿದ ಮರಗೆಣಸು ಕಾಯಿತುರಿಯ ಜೊತೆ ಬಂತು. ಊರಿನ ಸಾವು, ಮದುವೆ, ಮಂಡಿಗೆ ಯಾವ ಎಣ್ಣೆ ಒಳ್ಳೆಯದು ಎಲ್ಲ ಮಾತಾಯಿತು. ಕಡೆಗೆ ಸಲ್ಬಿಯಾ ತಾನಾಗಿಯೇ ಬಾಯಿ ಬಿಟ್ಟಳು.

"ನೀವು ಇದರಲ್ಲಿ ಏಳು ವರ್ಷ ಇದ್ರಿ ಅಕ್ಕ. ನಾನು ಇಪ್ಪತ್ತೇಳು. ಆದ್ರೂ ಈ ಊರಲ್ಲಿ ಇವತ್ತಿಗೂ ಇದು ಕೆಲ್ಸುಮ್ ಮನೆ. ನನ್ನ ಮಗನ ಮದುವೆಗೆ ಬಂದೋರಿಗೂ ದಾರಿ ಹೇಳಿದ್ದು ಹಾಗೇನೇ."

ಕೆಲ್ಸುಮ್ ಅಕ್ಕ ಲೋಟವನ್ನು ಕೆಳಗಿಟ್ಟಳು. "ನಂಗೆ ಕೊಡ್ತೀಯಾ?"

ಹೋಟೆಲಿನವರು ಕೊಡುವಷ್ಟನ್ನು ತನ್ನಿಂದ ಕೊಡಲಾಗುವುದಿಲ್ಲ ಎಂದೂ ಅಕ್ಕ ಸೇರಿಸಿದಳು. ಸಲ್ಬಿಯಾ ಬಾಗಿಲ ಕಡೆ ನೋಡಿದಳು. ಹೊರಗೆ ಅವಳ ಮಗ ಬೈಕು ತೊಳೆಯುತ್ತಿದ್ದ. ಹೋಟೆಲಿನ ಕೈಗೆ ಕೊಟ್ಟರೆ ಯಾವನೋ ಚಪ್ಪಲಿ ಹಾಕಿಕೊಂಡು ಈ ನೆಲದ ಮೇಲೆ ಓಡಾಡುತ್ತಾನೆ, ಅದನ್ನು ನೆನೆದರೆ ತನಗೆ ನಿದ್ದೆ ಬರುವುದಿಲ್ಲ ಎಂದಳು. ಮಗನಿಗೆ ತಾನು ಹೇಳಿಕೊಳ್ಳುತ್ತೇನೆ, ತಗೊಂಡು ಹೋಗಿ ಎಂದಳು. ಒಂದೇ ಒಂದು ಮಾತು ಕೇಳಿದಳು: ತನ್ನ ಮಕ್ಕಳು ಹುಟ್ಟಿದ್ದು ಈ ಕೋಣೆಯಲ್ಲಿ, ಅವರಿಗೆ ಯಾವಾಗಲಾದರೂ ನೋಡಬೇಕು ಅನ್ನಿಸಿದರೆ ಬರಬಹುದಾ? ಅಕ್ಕ ಬರಲಿ ಎಂದಳು, ಅವಳ ಕೈಯ ಮೇಲೆ ಕೈಯಿಟ್ಟಳು.

ಮನೆ ಬಿಚ್ಚಲು ನಾನು ನಾಲ್ಕು ದಿನ ತೆಗೆದುಕೊಂಡೆ, ಅಪ್ಪನಿಗಿಂತ ಒಂದು ದಿನ ಹೆಚ್ಚು. ಅವನ ಇದ್ದಿಲ ಗುರುತುಗಳು ಅಳಿಸಿದ್ದವು. ಆದರೆ ಗೂಟಗಳು ಅವನು ಹೊಡೆದ ಹಾಗೆಯೇ ಇದ್ದವು. ದೋಣಿಗಳನ್ನು ಜೋಡಿಸಿ ಕಟ್ಟಿ ಈಚೆ ತಂದೆವು. ದಡದಲ್ಲಿ ನಿಂತು ಲೆಕೊರಿನ ಹೆಂಗಸರೆಲ್ಲ ನೋಡಿದರು.

ನಿಜವಾದ ಜಗಳ ಆಮೇಲೆ ಶುರುವಾಯಿತು. ಅಕ್ಕನಿಗೆ ಮನೆ ಇದ್ದ ಹಾಗೇ ಬೇಕು, ಇದ್ದ ಜಾಗದಲ್ಲೇ ಬೇಕು, ಅಷ್ಟೇ ಎತ್ತರ, ಅದೇ ಹನ್ನೊಂದು ಮೆಟ್ಟಿಲು. ಆ ಜಾಗದಲ್ಲಿ ಈಗ ಸಿಮೆಂಟಿನ ಎರಡು ಕೋಣೆಗಳಿವೆ, ಹಳೇ ಅಡುಗೆಮನೆಯ ಕಂಬಗಳು ಗೋಡೆಯೊಳಗೆ ಹುದುಗಿವೆ, ಎರಡನ್ನೂ ಮೊದಲಿನ ಹಾಗೆ ಸೇರಿಸುವುದು ಸಾಧ್ಯವಿಲ್ಲ ಎಂದು ಹೇಳಿದೆ. ಬಚ್ಚಲು ಕೆಳಗಿದೆ, ದಿನಕ್ಕೆ ಆರು ಸಲ ಹನ್ನೊಂದು ಮೆಟ್ಟಿಲು ಇಳಿದು ಹತ್ತುತ್ತೀರಾ ಎಂದು ಕೇಳಿದೆ.

"ನಾನು ಸತ್ತ ಮೇಲೆ ಹೇಗೂ ಇಳಿಸ್ತೀರಲ್ಲ, ಆಗ ಇಳೀತೀನಿ" ಎಂದಳು.

ಕಂಬ ತಗ್ಗಿಸಿದರೆ ನೆರೆ ಒಳಗೆ ಬರುತ್ತದೆ, ಎತ್ತರ ಬಿಟ್ಟರೆ ಅವಳ ಮಂಡಿ ಏರುವುದಿಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಸಿಮೆಂಟು ಗೋಡೆಯ ಮೇಲಿದ್ದ ಹಳೆಯ ನೆರೆಯ ಕಲೆಗೆ ದಾರ ಹಿಡಿದು, ಅದಕ್ಕಿಂತ ಮೂರು ಗೇಣು ಮೇಲೆ ನೆಲ ಬರುವ ಹಾಗೆ ಅಳತೆ ಮಾಡಿಕೊಂಡೆ. ಕಂಬಗಳ ಬುಡ ಕೊಳೆತಿದ್ದಷ್ಟನ್ನು ಕತ್ತರಿಸಿ ಸಿಮೆಂಟಿನ ಪಾದ ಕೊಟ್ಟೆ. ಒಂದು ಸಿಮೆಂಟು ಕೋಣೆಯನ್ನು ಕೆಡವಿ ಹಾಕಿದೆ. ಹಿಂದುಗಡೆ, ಮೇಲಿನ ನೆಲದ ಸಮಕ್ಕೇ, ಬಚ್ಚಲು ಕಟ್ಟಿದೆ. ಕೂರಲು ಎತ್ತರದ ಕಮೋಡು, ಹಿಡಿದುಕೊಳ್ಳಲು ಕಂಬಿ, ಬಿಸಿನೀರು ಎಲ್ಲ ಇಟ್ಟೆ. ಹನ್ನೊಂದು ಕಡಿದಾದ ಮೆಟ್ಟಿಲುಗಳ ಬದಲು ಒಂದೊಂದು ಅಂಗೈ ಎತ್ತರದ ಅಗಲವಾದ ಹದಿನೆಂಟು ಮೆಟ್ಟಿಲು. ಆರಾರು ಮೆಟ್ಟಿಲಿಗೆ ಒಂದು ಅಟ್ಟಣೆ, ಅಲ್ಲೊಂದು ಬೆಂಚು. ಮಸೀದಿಯ ಮಿನಾರು ಹತ್ತುವ ಹಾಗಿದೆ ಎಂದು ಅವಳು ಹಂಗಿಸಿದಳು. ಆದರೆ ಬೆಂಚುಗಳ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸಬಹುದು ಎಂದು ಗೊತ್ತಾದ ಮೇಲೆ ತಕರಾರು ನಿಂತಿತು. ಹೆಂಚುಗಳಲ್ಲಿ ಅರ್ಧ ಒಡೆದಿದ್ದವು, ಅಂಥ ತೆಳು ಹೆಂಚು ಸುಡುವವರು ಈಗ ಇಲ್ಲ. ಉಳಿದವನ್ನು ಮುಂದಿನ ಇಳಿಜಾರಿಗೆ ಹೊದೆಸಿ ಹಿಂದಕ್ಕೆ ತಗಡು ಹಾಕಿದೆ. ನೆಲದ ಸಂದುಗಳನ್ನು ಮುಚ್ಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮನೆಯ ಸಂದುಗಳನ್ನು ತೆರೆದೇ ಬಿಟ್ಟಿದ್ದೆ. ನಡುಗಂಬವನ್ನು ಅದರ ಜಾಗದಲ್ಲಿ ನಿಲ್ಲಿಸುವಾಗ ಗೀಟುಗಳಿರುವ ಮುಖವನ್ನು ಗೋಡೆಯ ಕಡೆ ತಿರುಗಿಸೋಣ ಅನ್ನಿಸಿತ್ತು. ಆದರೆ ಗೂಟದ ತೂತುಗಳು ಹಾಗೆ ಕೂಡುತ್ತಿರಲಿಲ್ಲ.

ಮುಗಿದ ದಿನ ಅಸರ್ ನಮಾಜು ಮುಗಿಸಿ ಅವಳು ಕಿಟಕಿಯ ಬಳಿ ಚಾಪೆ ಹಾಸಿಕೊಂಡು ಕೂತಳು. ಮನೆ ಎತ್ತರದಲ್ಲಿದ್ದದ್ದರಿಂದ ಪಕ್ಕದವರ ಟ್ಯಾಂಕನ್ನು ದಾಟಿ ಗಾಳಿ ಬಂತು. ಕೆತ್ತನೆಯ ತೂತುಗಳಲ್ಲಿ ಸಣ್ಣಗೆ ಸದ್ದು ಮಾಡಿತು. ತಲೆಯ ವಸ್ತ್ರ ತೆಗೆದು, ಬೆಳ್ಳಿ ಕೂದಲನ್ನು ಬಿಚ್ಚಿ ಬೆನ್ನ ಮೇಲೆ ಹರಡಿಕೊಂಡಳು. ನಾನು ಎದ್ದು ಜಗಲಿಗೆ ಬಂದುಬಿಟ್ಟೆ. ಕೆಲಸ ಸಾರ್ಥಕ ಆಯಿತು ಎಂದುಕೊಂಡೆ. ಅಪ್ಪ ಇರಬೇಕಾಗಿತ್ತು ಎಂದುಕೊಂಡೆ.

ಎರಡು ವಾರ ಕಳೆದು ಸೊಳ್ಳೆ ಜಾಲರಿ ಹಾಕಲು ಹೋದಾಗ ಅವಳ ಮುಖ ಸಪ್ಪೆಯಾಗಿತ್ತು. ನಿದ್ದೆ ಬರುತ್ತಿಲ್ಲ ಎಂದಳು. ಈ ಮನೆಗೆ ಬೇರೆ ವಾಸನೆ ಇದೆ ಎಂದಳು. ಗೋಡೆಯಲ್ಲಿ ಸಲ್ಬಿಯಾ ಮನೆಯವರು ಮೊಳೆ ಹೊಡೆದಿದ್ದ ತೂತು, ಯಾವುದೋ ಮಗು ಮೇಣದ ಬತ್ತಿಯಿಂದ ಸುಟ್ಟ ಹಲಗೆ, ಬಾಗಿಲ ಹಿಂದೆ ಅಂಟಿಸಿದ್ದ ಚಿತ್ರದ ಚೂರು, ಒಂದೊಂದನ್ನೂ ತೋರಿಸಿದಳು. ಎಲ್ಲವನ್ನೂ ಅವಳು ಉಜ್ಜಿ ನೋಡಿದ್ದಳು. ಕಡೆಗೆ ಕಂಬದ ಹತ್ತಿರ ಬಂದು ನಿಂತಳು.

"ಇದಕ್ಕೆ ತೋಪಡ ಹಾಕು. ಗೀಟೆಲ್ಲ ಕೆರೆದು ತೆಗೆ."

ಮಕ್ಕಳು ಬರಬಹುದು ಎಂದು ಮಾತು ಕೊಟ್ಟಿದ್ದೀರಿ ಎಂದು ನೆನಪಿಸಿದೆ.

"ಮಕ್ಕಳು ಬರಲಿ, ಬೇಡ ಅಂದ್ನಾ? ಉಂಡು ಹೋಗಲಿ. ಆದ್ರೆ ಬೆಳಿಗ್ಗೆ ಕಣ್ಣು ಬಿಟ್ರೆ ಮೊದಲು ಕಾಣೋದು ಇದೇ ಕಣೋ. ಇಷ್ಟುದ್ದ ಇದ್ರು, ಇಷ್ಟುದ್ದ ಆದ್ರು. ನನ್ನ ಕೈಲಾಗಲ್ಲ."

ನಾನು ಇಲ್ಲ ಎನ್ನಬಹುದಾಗಿತ್ತು. ನಾಳೆ ಬರುತ್ತೇನೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಒಂದು ಹಲಗೆ ಹೊಡೆದು ಮುಚ್ಚೋಣ ಎನ್ನಬಹುದಾಗಿತ್ತು, ಅದು ಆಮೇಲೆ ಹೊಳೆಯಿತು. ಆ ಹೊತ್ತಿಗೆ ಅವಳ ಮುಖ ನೋಡಿ ಏನೂ ತೋಚಲಿಲ್ಲ. ಕರೆಂಟಿನ ತೋಪಡವನ್ನು ಚೀಲದಿಂದ ತೆಗೆದೆ. ಇಪ್ಪತ್ತು ವರ್ಷ ಹಾಕಿದ ಗೀಟುಗಳು ಹತ್ತು ನಿಮಿಷವೂ ತಡೆಯಲಿಲ್ಲ. ಚೆಂಗಾಲಿನ ಒಳಗಿನ ಹಳದಿ ಬಣ್ಣ ಹೊಸದಾಗಿ ಕತ್ತರಿಸಿದ ಹಾಗೆ ಮೇಲೆದ್ದಿತು. ಅವಳು ಪುಡಿಯನ್ನೆಲ್ಲ ತಾನೇ ಗುಡಿಸಿದಳು.

ಉಪವಾಸದ ತಿಂಗಳು ಮುಗಿದು ಹಬ್ಬ ಬಂತು. ಹಬ್ಬದ ಮೂರನೆಯ ದಿನ ಸಲ್ಬಿಯಾ ಮಗಳನ್ನೂ ನಾಲ್ಕು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಬಂದಳು. ನಾನೂ ಅಲ್ಲಿ ಊಟಕ್ಕೆ ಹೋಗಿದ್ದೆ. ಬೆಂಚು ಬೆಂಚಿಗೂ ಕೂತು ಏದುಸಿರು ಬಿಡುತ್ತಾ ಬಂದ ಸಲ್ಬಿಯಾ, ಎಂಬೊಂಗ್ ಮೊದಲೇ ಇಂಥ ಮೆಟ್ಟಿಲು ಮಾಡಿಕೊಟ್ಟಿದ್ದರೆ ತಾನು ಈ ಮನೆಯನ್ನು ಬಿಡುತ್ತಲೇ ಇರಲಿಲ್ಲ ಎಂದು ನಕ್ಕಳು. ಮಗಳು ಒಳಗೆ ಬಂದವಳೇ ಮಗುವಿನ ಕೈ ಹಿಡಿದು ನೇರ ಕಂಬದ ಹತ್ತಿರ ಹೋದಳು. ಅಮ್ಮ ನಾಲ್ಕು ವರ್ಷದಲ್ಲಿ ಎಷ್ಟುದ್ದ ಇದ್ದಳು, ನೀನು ಎಷ್ಟಿದ್ದೀಯ, ನೋಡೋಣ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿರಬೇಕು. ಮಗು ಕಂಬಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಜೋಡಿಸಿ, ಅಲುಗದೆ ನಿಂತಿತು.

ಮಗಳು ಬಗ್ಗಿ ನೋಡಿದಳು. ಕಂಬದ ಇನ್ನೊಂದು ಮುಖಕ್ಕೆ ಹೋಗಿ ನೋಡಿದಳು. ಆಮೇಲೆ ತಾಯಿಯ ಕಡೆ ನೋಡಿದಳು.

ಸಲ್ಬಿಯಾ ಹತ್ತಿರ ಬಂದು ಆ ಹಳದಿ ಮರದ ಮೇಲೆ ಅಂಗೈಯಿಟ್ಟಳು. ಮೇಲಿನಿಂದ ಕೆಳಗಿನ ತನಕ ಒಂದು ಸಲ ಸವರಿದಳು. "ಚೆನ್ನಾಗಿ ನುಣುಪು ಬಂದಿದೆ" ಎಂದಳು.

ಊಟಕ್ಕೆ ಕೂತರು. ತೆಂಗಿನ ಹಾಲಿನ ಅನ್ನ, ಮೀನಿನ ಸಾರು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡರು. ಅಡುಗೆ ಚೆನ್ನಾಗಿದೆ ಎಂದರು. ಮಗು ಮಾತ್ರ ನಾನು ಎಷ್ಟುದ್ದ ಇದ್ದೀನಿ ಎಂದು ಎರಡು ಮೂರು ಸಲ ಕೇಳಿತು. ಅಜ್ಜಿ ಅದರ ಬಾಯಿಗೆ ಒಂದು ತುತ್ತು ಇಟ್ಟಳು. ಹೋಗುವಾಗ ಕೆಲ್ಸುಮ್ ಅಕ್ಕನ ಕೈ ಹಿಡಿದು, ಹಬ್ಬದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ವಾಡಿಕೆಯ ಹಾಗೆ, ತಪ್ಪಾಗಿದ್ದರೆ ಕ್ಷಮಿಸಿ ಎಂದು ಹೇಳಿ ಹೋದಳು.

ಅದೇ ಅಕ್ಕನನ್ನು ಮುರಿದದ್ದು. ಸಲ್ಬಿಯಾ ಬೈದಿದ್ದರೆ ಅಕ್ಕನೂ ಬೈದು ಮುಗಿಸುತ್ತಿದ್ದಳು. ಮೂರು ವಾರ ಅವಳು ಮೇಲಿನ ಮನೆಯಲ್ಲಿ ಮಲಗಲಿಲ್ಲ. ಉಳಿದಿದ್ದ ಆ ಒಂದು ಸಿಮೆಂಟು ಕೋಣೆಯಲ್ಲೇ ಚಾಪೆ ಹಾಸಿದಳು. ಲೆಕೊರಿನ ಹೆಂಗಸರು ನನ್ನನ್ನು ಹುಡುಕಿಕೊಂಡು ಬಂದು, ಅಕ್ಕ ಬೈಯುವುದನ್ನೇ ಬಿಟ್ಟಿದ್ದಾಳೆ, ಏನೋ ಆಗಿದೆ ನೋಡು ಎಂದರು. ಹೋಗಿ ನೋಡಿದೆ. ಹಿಟ್ಟು ನಾದುತ್ತಾ ಕೂತಿದ್ದವಳು ಕೇಳಿದಳು:

"ಎಂಬೊಂಗ್, ಮತ್ತೆ ಬರೆಯೋಕಾಗುತ್ತಾ? ಅವಳ ಮಗಳಿಗೆ ನೆನಪಿರುತ್ತೆ ಅಲ್ವಾ, ಎಷ್ಟೆಷ್ಟು ಉದ್ದ ಇದ್ರು ಅಂತ?"

ಆಗುವುದಿಲ್ಲ ಎಂದೆ. ಅವಳಿಗೂ ಗೊತ್ತಿತ್ತು.

"ದೋಣಿ ಹೇಳು ಹಾಗಾದ್ರೆ."

ಈ ಸಲ ರೇಷ್ಮೆ ಉಡಲಿಲ್ಲ. ಕೆಲಸದ ಬಟ್ಟೆಯಲ್ಲೇ, ಕೈ ತೊಳೆದುಕೊಂಡು ಬಂದಳು. ಸಲ್ಬಿಯಾ ಇಟ್ಟಿಗೆ ಮನೆಯ ಹಾಲಿನಲ್ಲಿ, ಗೋಡೆಗೆ ತಗುಲಿಸಿದ ಫ್ಯಾನಿನ ಮುಂದೆ ಬಟ್ಟೆ ಮಡಚುತ್ತಿದ್ದಳು. ಅಕ್ಕ ಕೂರುವುದಕ್ಕೂ ಕಾಯಲಿಲ್ಲ.

"ನಾನೇ ಹೇಳಿ ಕೆರೆಸಿದೆ. ಇವನದೇನೂ ತಪ್ಪಿಲ್ಲ."

"ಗೊತ್ತು" ಎಂದಳು ಸಲ್ಬಿಯಾ.

"ನಿನ್ನ ಮೇಲೆ ಸಿಟ್ಟಿಗಲ್ಲ ಸಲ್ಬಿಯಾ. ಏಳು ವರ್ಷ ಆ ಕಂಬದ ಬುಡದಲ್ಲಿ ಮಲಗಿದ್ದೆ. ಅಷ್ಟರಲ್ಲಿ ಅದರ ಮೇಲೆ ಒಂದೇ ಒಂದು ಗೀಟು ಬಿದ್ದಿದ್ರೆ, ನಾನೂ ಆ ಮನೆ ಬಿಡ್ತಿರಲಿಲ್ಲ, ನೀನೂ ಬರ್ತಿರಲಿಲ್ಲ."

ಸಲ್ಬಿಯಾ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗೀಟು ಹಾಕುತ್ತಿದ್ದದ್ದು ತಾನಲ್ಲ, ಜುಸೊಹ್ ಎಂದಳು. ಪ್ರತಿ ಹಬ್ಬಕ್ಕೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಕುತ್ತಿದ್ದ. ಹಾಕಿದ ಮೇಲೆ ಆ ದಿನವೆಲ್ಲ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಯಾಕೆ ಎಂದು ತಾನು ಒಮ್ಮೆ ಮಾತ್ರ ಕೇಳಿದ್ದಳಂತೆ. ಅವನು ಎದ್ದು ಹೊರಗೆ ಹೋದ, ಆಮೇಲೆ ತಾನು ಕೇಳಲಿಲ್ಲ. "ಅವರಿಗೆ ನಾವು ಮೂವರೂ ಬೇಕಾಗಿತ್ತು ಅನ್ಸುತ್ತೆ ಅಕ್ಕ. ನಾನು, ನೀವು, ಆ ಮನೆ. ಒಂದರ ಜೊತೆ ಇದ್ದಾಗ ಇನ್ನೆರಡು ಕಾಡೋದು."

ಕೆಲ್ಸುಮ್ ಅಕ್ಕ ಅಳಲಿಲ್ಲ. ತುಟಿಯನ್ನು ಒಳಗೆ ಎಳೆದುಕೊಂಡು ಕೂತಿದ್ದಳು. ನಾನು ನೆಲ ನೋಡುತ್ತಿದ್ದೆ. ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಎಸೆಯುತ್ತಿತ್ತು. ಸಲ್ಬಿಯಾ ಕತ್ತು ಒರೆಸಿಕೊಂಡು, ಇಲ್ಲಿ ಬೆಂದು ಹೋಗುತ್ತೇವೆ, ಹೊರಗೆ ಕೂರೋಣ ಎಂದು ಎದ್ದಳು. ಎದ್ದವಳು ಬಾಗಿಲಲ್ಲೇ ನಿಂತಳು. ಹೊರಗೆ ಕೂರಲು ಜಾಗವೇ ಇರಲಿಲ್ಲ. ಸಿಮೆಂಟಿನ ಅಂಗಳದಲ್ಲಿ ಮಗನ ಬೈಕು, ಬಟ್ಟೆ ಒಣಗುವ ಕಂಬಿ, ಕಾದ ನೆಲ. "ಎಲ್ಲಾ ಇದೆ ಈ ಮನೇಲಿ. ಕೂರೋಕೊಂದು ಜಾಗ ಇಲ್ಲ" ಎಂದಳು.

ತೋಪಡ ಹಿಡಿದ ಕೈ ನನ್ನದು. ಅಕ್ಕ ನನ್ನ ತಪ್ಪಿಲ್ಲ ಎಂದರೂ ನನಗೆ ಅದು ಮರೆತಿರಲಿಲ್ಲ. ಮುಂದಿನ ವಾರ ಯಾರನ್ನೂ ಕೇಳದೆ ಹೋಗಿ, ಆ ಇಟ್ಟಿಗೆ ಮನೆಯ ನದಿ ಕಡೆಯ ಗೋಡೆಗೆ ಒಂದು ಜಗಲಿ ಅಂಟಿಸಲು ಅಳತೆ ತೆಗೆದೆ. ಸಲ್ಬಿಯಾಳ ಮಗ ಮೊದಲು ಗುರುಗುಟ್ಟಿದ, ಗೋಡೆಗೆ ಗೆದ್ದಲು ಬರುತ್ತದೆ ಎಂದ. ಗೋಡೆಯನ್ನು ಮುಟ್ಟದ ಹಾಗೆ, ಎರಡು ಬೆರಳು ಬಿಟ್ಟು, ಅದರದೇ ಕಂಬಗಳ ಮೇಲೆ ನಿಲ್ಲಿಸುತ್ತೇನೆ ಎಂದು ನಾನು ಹೇಳಿದ ಮೇಲೆ ಒಪ್ಪಿದ. ಎರಡನೆಯ ದಿನ ತಾನೇ ಬಂದು ಹಲಗೆ ಹಿಡಿದ. ಮಂಡಿ ಎತ್ತರ, ಒಂದೇ ಮೆಟ್ಟಿಲು, ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಹೊಡೆದ ಹಲಗೆ, ಮೇಲೆ ಹುಲ್ಲಿನ ಮಾಡು. ಹಾಲಿನ ಕಿಟಕಿಯನ್ನು ಒಡೆದು ಅಗಲವಾದ ಬಾಗಿಲು ಮಾಡಿದ್ದರಿಂದ ಗಾಳಿ ಮನೆಯೊಳಕ್ಕೂ ನುಗ್ಗಿತು. ಮಗನ ಹೆಂಡತಿ ಫ್ಯಾನು ಆರಿಸ್ತೀನಿ ಎಂದು ಆರಿಸಿ ನೋಡಿದಳು.

ಮುಗಿದ ಮೇಲೆ ಕೆಲ್ಸುಮ್ ಅಕ್ಕನನ್ನು ಕರೆದುಕೊಂಡು ಹೋದೆ. ಅವಳು ಜಗಲಿಯ ಸುತ್ತ ಒಂದು ಸುತ್ತು ಹಾಕಿ, ನಿಮ್ಮಪ್ಪ ಇದ್ದಿದ್ದರೆ ಆ ಮೂಲೆಯ ಗೂಟ ಇಷ್ಟು ಸಡಿಲ ಬಿಡುತ್ತಿರಲಿಲ್ಲ ಎಂದಳು. ಬೈಗುಳ ಮತ್ತೆ ಶುರುವಾಯಿತಲ್ಲ ಎಂದು ನನಗೆ ಸಮಾಧಾನವಾಯಿತು. ತಾನು ಇನ್ನೂ ಕೆಳಗಿನ ಕೋಣೆಯಲ್ಲೇ ಮಲಗುತ್ತೇನೆ, ಮಧ್ಯಾಹ್ನ ಮಾತ್ರ ಮೇಲೆ ಹೋಗುತ್ತೇನೆ ಎಂದು ಅವಳು ಸಲ್ಬಿಯಾಗೆ ಹೇಳುತ್ತಿದ್ದಳು. ಆ ಗಾಳಿ ಏನೋ ಬರುತ್ತದೆ, ಬಂದಾಗ ತಾನು ಇಪ್ಪತ್ತೆಂಟರವಳ ಹಾಗೆ ಅದರ ಮುಂದೆ ಹೋಗಿ ಕೂರುತ್ತೇನೆ, ಅದು ತನ್ನನ್ನು ಗುರುತೇ ಹಿಡಿಯುವುದಿಲ್ಲ ಎಂದಳು. ಸಲ್ಬಿಯಾ ಹೂಂಗುಟ್ಟುತ್ತಿದ್ದಳು. ಹಲಗೆಯ ಮೇಲೆ ಕಾಲು ಚಾಚಿ, ತೋಳನ್ನು ತಲೆಗೆ ಕೊಟ್ಟು ಒರಗಿದಳು. ಹೂಂಗುಟ್ಟುವುದು ಕಡಿಮೆಯಾಯಿತು. ಕೆಳಗಿನಿಂದ ಎದ್ದ ಗಾಳಿ ಅವಳ ತಲೆವಸ್ತ್ರದ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ನಿದ್ದೆ ಹೋಗಿದ್ದಳು.

ದಡದಿಂದ ದೋಣಿಯವನು ಕೂಗು ಹಾಕಿದ. ನಾನು ಎದ್ದೆ. ಕೆಲ್ಸುಮ್ ಅಕ್ಕ ಕೈಯಲ್ಲೇ ಕೂತ್ಕೋ ಎಂದು ಸನ್ನೆ ಮಾಡಿದಳು.

"ಅವಳು ಏಳಲಿ" ಎಂದಳು ಮೆಲ್ಲಗೆ. "ಹೇಳದೆ ಹೋದ್ರೆ ಚೆನ್ನಾಗಿರಲ್ಲ."

ದೋಣಿಯವನು ಇನ್ನೊಂದು ಸಲ ಕೂಗಿ, ಸುಮ್ಮನಾಗಿ, ತೆಂಗಿನ ನೆರಳಿಗೆ ದೋಣಿ ಎಳೆದುಕೊಂಡ.